ಹಾಯಿದೋಣಿ ರಿಪೇರಿಗೆ ಯಾರ್ಡ್ ಹುಡುಕುತ್ತಿದ್ದೀರಾ? ಎರಡು ಯಾರ್ಡ್ ಬಳಸಿದವರ ಮಾತು

ದೋಣಿಯ ಉದ್ದದ ಪ್ರತಿ ಅಡಿಗೆ ಇಷ್ಟು ಡಾಲರ್ ಅನ್ನುವ ರೇಟು ನೋಡಿ ಯಾರ್ಡ್ ಆರಿಸಬೇಡಿ. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತ ಯಾವ ಯಾರ್ಡಿಗೆ ಫೋನ್ ಮಾಡಿದರೂ ಮೊದಲು ಹೇಳುವುದು ಅದೊಂದನ್ನೇ. ಅದರಲ್ಲಿ ಸಾಮಾನ್ಯವಾಗಿ ಸೇರಿರುವುದು ದೋಣಿ ಎತ್ತುವುದು, ತಳ ತೊಳೆಯುವುದು, ಮತ್ತೆ ನೀರಿಗೆ ಇಳಿಸುವುದು, ಅಷ್ಟೇ. ಬಣ್ಣ ಬೇರೆ, ಕೂಲಿ ಬೇರೆ, ಯಾರ್ಡಿನಲ್ಲಿ ನಿಂತ ದಿನಗಳ ಬಾಡಿಗೆ ಬೇರೆ. ಪರಿಸರ ಶುಲ್ಕ ಅಂತ ಇನ್ನೊಂದು ಸಾಲು. ಕೊನೆಯ ಬಿಲ್ಲಿನಲ್ಲಿ ಆ ಮೊದಲ ರೇಟು ಎಲ್ಲೋ ಮೂಲೆಯಲ್ಲಿ ಇರುತ್ತದೆ.

ನಮ್ಮದು 1980ರ ದಶಕದ ಕ್ಯಾಟಲಿನಾ 30, ಸುಮಾರು ಮೂವತ್ತು ಅಡಿಯ ಹಾಯಿದೋಣಿ. ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಕಂಪನಿಯದು, ಆರು ಸಾವಿರಕ್ಕೂ ಜಾಸ್ತಿ ತಯಾರಾದ ಮಾಡೆಲ್. ಬಹಳ ವರ್ಷದಿಂದ ನಮ್ಮ ಹತ್ತಿರ ಇದೆ. ಈ ಕೊಲ್ಲಿಯಲ್ಲೇ ಎರಡು ಯಾರ್ಡ್‌ಗಳಿಗೆ ಕೊಟ್ಟಿದ್ದೇನೆ. ಎರಡರ ಹೆಸರೂ ಹೇಳುವುದಿಲ್ಲ. ಒಂದರ ಮೇಲೆ ನನಗೆ ದೂರು ಇದೆ, ಇನ್ನೊಂದರಲ್ಲಿ ಈಗಲೇ ಜಾಗ ಸಿಗುವುದು ಕಷ್ಟ!

ಮಲ್ಪೆಯಲ್ಲಾದರೆ ಜೂನ್-ಜುಲೈನಲ್ಲಿ ಮೀನುಗಾರಿಕೆ ನಿಷೇಧ ಬಂದಾಗ ರಿಪೇರಿಗೂ ಬಿಡುವು ಸಿಗುತ್ತದೆ. ಇಲ್ಲಿ ಹಾಗಲ್ಲ. ನೀರು ಹೆಪ್ಪುಗಟ್ಟುವುದಿಲ್ಲ, ದೋಣಿ ವರ್ಷವಿಡೀ ನೀರಲ್ಲೇ ಇರುತ್ತದೆ. ಪಾಚಿ, ಬಾರ್ನಕಲ್ (ಗಟ್ಟಿ ಚಿಪ್ಪಿನ ಸಣ್ಣ ಕಡಲಜೀವಿ) ಅಂಟುವುದೂ ವರ್ಷವಿಡೀ. ಡೈವರ್ ಬಂದು ಆಗಾಗ ಉಜ್ಜಿದರೂ ಎರಡು-ಮೂರು ವರ್ಷಕ್ಕೊಮ್ಮೆ ಮೇಲೆತ್ತಿ ತಳಕ್ಕೆ ಬಣ್ಣ ಹಚ್ಚಲೇಬೇಕು. ಬಣ್ಣದ ವಿಷಯದಲ್ಲಿ ಯಾರ್ಡಿನವರನ್ನು ಕೇಳಿ ತಿಳಿದುಕೊಳ್ಳಿ. ಇವೆಲ್ಲ ಅಂಟದಂತೆ ತಳಕ್ಕೆ ಹಚ್ಚುವ ತಾಮ್ರದ ಬಣ್ಣ ನೀರಿಗೆ ಬಿಡುವ ತಾಮ್ರಕ್ಕೆ 2018ರ ಜುಲೈನಿಂದ ಕ್ಯಾಲಿಫೋರ್ನಿಯಾದಲ್ಲಿ ಮಿತಿ ಇದೆ: ಒಂದು ಚದರ ಸೆಂಟಿಮೀಟರಿಗೆ ದಿನಕ್ಕೆ 9.5 ಮೈಕ್ರೋಗ್ರಾಂ. ಹಳೇ ಡಬ್ಬದ ಹೆಸರು ಹಿಡಿದು ಹೋದರೆ ಅದೇ ಸಿಗುತ್ತದೆ ಅನ್ನುವಂತಿಲ್ಲ.

ಈಗ ಮೊದಲ ಯಾರ್ಡ್. ದೋಣಿ ಮೇಲೆತ್ತಿದಾಗ ಕೀಲ್ (ತಳದ ಕೆಳಗೆ ಇಳಿಬಿಟ್ಟ ಭಾರದ ರೆಕ್ಕೆ) ಮತ್ತು ಹಲ್ (ದೋಣಿಯ ಒಡಲು) ಸೇರುವ ಕಡೆ, ಮುಂಭಾಗದಲ್ಲಿ, ಬಿರುಕು ಕಾಣಿಸಿತು. ಈ ಮಾಡೆಲ್ ಇಟ್ಟುಕೊಂಡವರಿಗೆಲ್ಲ ಇದು ಗೊತ್ತು, 'ಕ್ಯಾಟಲಿನಾ ಸ್ಮೈಲ್' ಅಂತಲೇ ಕರೆಯುತ್ತಾರೆ. ಅವರು ಪುಟ್ಟಿ ತುಂಬಿ, ಉಜ್ಜಿ, ಬಣ್ಣ ಹಚ್ಚಿದರು. ನೋಡಲು ಬಹಳ ಚೆನ್ನಾಗಿತ್ತು. ಮುಂದಿನ ಸಲ ಎತ್ತಿದಾಗ ಅದೇ ನಗು ಅಲ್ಲೇ ಇತ್ತು.

ಅದೇ ಯಾರ್ಡಿನಲ್ಲಿ ತಳದ ಗುಳ್ಳೆಗಳ ವಿಷಯವೂ ಬಂತು. ಫೈಬರ್‌ಗ್ಲಾಸಿನ ಒಳಗೆ ನೀರು ಇಳಿದು ಜೆಲ್‌ಕೋಟ್, ಅಂದರೆ ಹೊರಗಿನ ನುಣುಪು ಪದರ, ಉಬ್ಬುತ್ತದೆ, ಒಡೆದರೆ ವಿನೆಗರ್ ತರಹದ ವಾಸನೆ. ನೀರಿನಿಂದ ಎತ್ತಿದ ಮರುದಿನವೇ ತೇವ ಅಳೆಯುವ ಮೀಟರ್ ಹಿಡಿದು, ಮುಳ್ಳು ಕೆಂಪಿಗೆ ಹೋಗಿದ್ದನ್ನು ತೋರಿಸಿದರು. ಇಡೀ ತಳದ ಪದರ ಕೆತ್ತಿ ತೆಗೆದು, ತಿಂಗಳುಗಟ್ಟಲೆ ಒಣಗಿಸಿ, ಎಪಾಕ್ಸಿ (ಗಟ್ಟಿಯಾಗುವ ರಾಳ) ಹಚ್ಚಬೇಕು ಅಂದರು. ಸಾವಿರಾರು ಡಾಲರಿನ ಕೆಲಸ. ವರ್ಷಗಟ್ಟಲೆ ನೀರಲ್ಲಿದ್ದ ಹಲ್ ಮೇಲೆ ಮೀಟರ್ ಇಟ್ಟರೆ ಮುಳ್ಳು ಇನ್ನೆಲ್ಲಿಗೆ ಹೋಗುತ್ತೆ ಹೇಳಿ? ಒಪ್ಪಲಿಲ್ಲ. ಆದರೂ ಬಿಲ್ಲು ಅಂದಾಜಿಗಿಂತ ಬಹಳ ಮೇಲೆ ಹೋಗಿತ್ತು. ನಡುವೆ ಒಂದು ಫೋನೂ ಬಂದಿರಲಿಲ್ಲ.

ಎರಡನೇ ಯಾರ್ಡಿನ ಫೋರ್‌ಮನ್ ಹೊರಗಿನ ಬಿರುಕನ್ನು ನೋಡಿ ಸುಮ್ನೆ ತಲೆಯಾಡಿಸಿ ಒಳಗೆ ಹೋದರು. ಬಿಲ್ಜ್‌ನಲ್ಲಿ (ದೋಣಿಯೊಳಗಿನ ತೀರಾ ತಳಭಾಗ) ಕೀಲ್ ಬೋಲ್ಟ್‌ಗಳ ನಟ್ಟಿನ ಕೆಳಗಿನ ವಾಷರ್ ನೋಡಿ ಅಂದರು. ಅವು ತಳದೊಳಕ್ಕೆ ಕುಸಿದಿದ್ದವು. ಈ ಮಾಡೆಲ್‌ನ ಹಳೇ ದೋಣಿಗಳಲ್ಲಿ ಬೋಲ್ಟ್ ಹಾದುಹೋಗುವ ಕಡೆ ಪ್ಲೈವುಡ್ ಇಟ್ಟಿದ್ದಾರೆ. ನೀರು ಕುಡಿದು ಅದು ಮೆತ್ತಗಾದರೆ ಬೋಲ್ಟ್ ಎಷ್ಟು ಬಿಗಿ ಮಾಡಿದರೂ ಹಿಡಿತ ಬರುವುದಿಲ್ಲ. ಕೆಳಗೆ ನೇತಾಡುವುದು ಸುಮಾರು 1,900 ಕಿಲೋ ಸೀಸ! ಪ್ಲೈವುಡ್ ಕೊರೆದು ತೆಗೆದು ಗಟ್ಟಿ ಫೈಬರ್‌ಗ್ಲಾಸ್ ತುಂಬಬೇಕಾಯಿತು. ದುಬಾರಿ ಕೆಲಸವೇ. ಆದರೆ ಕಾಗದದಲ್ಲಿ ಗರಿಷ್ಠ ಮೊತ್ತ ಬರೆದುಕೊಟ್ಟರು. ಅದನ್ನು ದಾಟುವ ಹಾಗಿದ್ದರೆ ಮೊದಲು ಫೋಟೋ, ಆಮೇಲೆ ಫೋನ್, ನಾನು ಹೂಂ ಅಂದ ಮೇಲೇ ಕೆಲಸ. ಗುಳ್ಳೆಗಳಲ್ಲಿ ದೊಡ್ಡವನ್ನು ಮಾತ್ರ ಒಡೆದು ಎಪಾಕ್ಸಿ ತುಂಬಿದರು. ಇಷ್ಟು ವರ್ಷವಾದರೂ ಅವು ತೊಂದರೆ ಕೊಟ್ಟಿಲ್ಲ.

ಹೊಸ ಯಾರ್ಡ್ ನೋಡಲು ಹೋದರೆ ಆಫೀಸಿನಲ್ಲಿ ಕೂರಬೇಡಿ, ಅಂಗಳ ಸುತ್ತಿ. ದೋಣಿಯ ಭಾರ ಕೀಲ್ ಕೆಳಗಿನ ಮರದ ದಿಮ್ಮಿಗಳ ಮೇಲಿರಬೇಕು. ಪಕ್ಕದ ಸ್ಟ್ಯಾಂಡುಗಳು ವಾಲದಂತೆ ಹಿಡಿಯುವುದಕ್ಕೆ ಮಾತ್ರ, ಎದುರುಬದುರಿನವನ್ನು ಚೈನಿನಿಂದ ಕಟ್ಟಿರಬೇಕು. ಯಾರಾದರೂ ಟಾರ್ಪಾಲಿನ ಹಗ್ಗವನ್ನು ಸ್ಟ್ಯಾಂಡಿಗೆ ಕಟ್ಟಿದ್ದು ಕಂಡರೆ ಅಲ್ಲಿಂದಲೇ ವಾಪಸ್ ಬನ್ನಿ. ಇಲ್ಲಿ ಬೇಸಿಗೆ ಮಧ್ಯಾಹ್ನದ ಗಾಳಿ ಎಂಥದ್ದು ಅಂತ ಗೊತ್ತಲ್ವಾ? ಟ್ರಾವೆಲ್ ಲಿಫ್ಟ್ (ದೋಣಿಯನ್ನು ಬೆಲ್ಟಿನಲ್ಲಿ ಎತ್ತಿ ಸಾಗಿಸುವ ಚಕ್ರದ ಕ್ರೇನ್) ನಡೆಸುವವರು ಎತ್ತುವ ಮೊದಲು ಪ್ರೊಪೆಲರ್ ಶಾಫ್ಟ್ ಎಲ್ಲಿದೆ ಅಂತ ಕೇಳುತ್ತಾರಾ ನೋಡಿ. ಬೆಲ್ಟ್ ಅದರ ಮೇಲೆ ಬಿದ್ದರೆ ಶಾಫ್ಟ್ ಬಾಗುತ್ತದೆ.

ಸ್ವಂತ ಕೈಯಿಂದ ಕೆಲಸ ಮಾಡುವ ಆಸೆ ಇದ್ದರೆ ಮೊದಲೇ ಕೇಳಿ. ಕೆಲವು ಯಾರ್ಡ್‌ಗಳು ಬಿಡುವುದೇ ಇಲ್ಲ. ಬಿಡುವವರೂ ತಳ ಉಜ್ಜಲು ಧೂಳು ಹೀರುವ ಸ್ಯಾಂಡರ್ ಬಾಡಿಗೆಗೆ ತಗೊಳ್ಳಿ ಅನ್ನುತ್ತಾರೆ. ಅದು ಸರಿಯೇ, ತಾಮ್ರದ ಪುಡಿ ಕೊಲ್ಲಿಗೆ ಹೋಗಬಾರದು. ಝಿಂಕ್ (ಬೇರೆ ಲೋಹ ಸವೆಯದಂತೆ ತಾನು ಸವೆಯುವ ಸತುವಿನ ತುಂಡು) ಬದಲಿಸುವುದು, ಸೀಕಾಕ್‌ಗೆ (ಹಲ್‌ನ ರಂಧ್ರದಲ್ಲಿ ನೀರು ತಡೆಯುವ ವಾಲ್ವ್) ಗ್ರೀಸ್ ಹಚ್ಚುವುದು ನಾನೇ ಮಾಡಿಕೊಳ್ಳುತ್ತೇನೆ.

ಎರಡನೇ ಯಾರ್ಡಿಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ಹೇಳಿದ ದಿನಕ್ಕೆ ಮುಗಿಸಿದ್ದು ಅಪರೂಪ. ಬಿಡಿಭಾಗಗಳಿಗೆ ಅಂಗಡಿಗಿಂತ ಜಾಸ್ತಿ ಬೆಲೆ ಹಾಕುತ್ತಾರೆ, ಆದರೆ ನಾನೇ ತಂದುಕೊಟ್ಟರೆ ಬೇಡ ಅನ್ನುವುದಿಲ್ಲ. ವಸಂತದಲ್ಲಿ ಜಾಗ ಬೇಕಿದ್ದರೆ ಚಳಿಗಾಲದಲ್ಲೇ ಬುಕ್ ಮಾಡಿ. ಮಾಸ್ಟ್ (ಹಾಯಿಕಂಬ) ಮತ್ತು ರಿಗ್ಗಿಂಗ್ (ಅದನ್ನು ಹಿಡಿಯುವ ತಂತಿ, ಹಗ್ಗ) ಕೆಲಸವನ್ನು ಅವರು ಹೊರಗಿನವರಿಗೆ ಕೊಡುತ್ತಾರೆ, ಅದಕ್ಕೆ ಈ ನಾಲ್ಕು ಅಂಕ ಅನ್ವಯಿಸುವುದಿಲ್ಲ.