ಬೆಳ್ಳಿ ಬಣ್ಣಕ್ಕೆ ಬೆಳ್ಳಿ ಹಾಕಲು ಹೋಗಿ

ಮಣ್ಣಿನ ಪಾತ್ರೆಗೆ ಗ್ಲೇಜ್, ಅಂದರೆ ಸುಟ್ಟಾಗ ಗಾಜಾಗುವ ಲೇಪ, ತಾವೇ ಬೆರೆಸುವವರು ಇದನ್ನು ಓದಿ. ಸಿಲ್ವರ್ ನೈಟ್ರೇಟ್ ಬಾಟಲಿ ಈಗಾಗಲೇ ತರಿಸಿಟ್ಟಿದ್ದರೆ, ಮುಚ್ಚಳ ತೆಗೆಯುವ ಮೊದಲೇ ಓದಿ.

ಕಳೆದ ಜುಲೈನಲ್ಲಿ ಮೂಡಿಗೆರೆ ಕಡೆಯ ಹೋಮ್‌ಸ್ಟೇಯೊಂದು ನನಗೆ ನಲವತ್ತು ಕಾಫಿ ಲೋಟ ಮಾಡಿಕೊಡಲು ಹೇಳಿತು. ಹೊರಮೈ ಅಜ್ಜಿಯ ಕಾಲದ ಬೆಳ್ಳಿ ಲೋಟದ ಹಾಗೆ ಹೊಳೆಯಬೇಕಂತೆ. ಗ್ಲೇಜಿಗೆ ತಾಮ್ರದ ಆಕ್ಸೈಡ್ ಹಾಕಿದರೆ ಹಸಿರು ಬರುತ್ತದೆ ಎಂದು ನನಗೆ ಹತ್ತು ವರ್ಷದಿಂದ ಗೊತ್ತು. ತಾಮ್ರ ಹಾಕಿದರೆ ತಾಮ್ರದ ಬಣ್ಣ ಬರುವುದಿಲ್ಲ ಎಂಬ ಪಾಠ ಅದರೊಳಗೇ ಇತ್ತು, ತಲೆಗೆ ಹೋಗಲಿಲ್ಲ. ಬೆಳ್ಳಿ ಹಾಕಿದರೆ ಬೆಳ್ಳಿಯೇ ಎಂದುಕೊಂಡು 25 ಗ್ರಾಂ ಸಿಲ್ವರ್ ನೈಟ್ರೇಟ್ ತರಿಸಿದೆ. ತೂಕದಲ್ಲಿ ಶೇ 63ರಷ್ಟು ಬೆಳ್ಳಿಯೇ ಇರುವ ಪುಡಿ ಅದು. ಬೆಲೆ ಕೇಳಬೇಡಿ.

ಬರಿಗೈಯಲ್ಲಿ ಬೆರೆಸಿದೆ. ಆಗ ಏನೂ ಆಗಲಿಲ್ಲ. ಮರುದಿನ ಮಧ್ಯಾಹ್ನದ ಹೊತ್ತಿಗೆ ಬೆರಳುಗಳೆಲ್ಲ ಕಂದಾಗಿ, ಸಂಜೆಗೆ ಕಪ್ಪಾದವು. ಸೊಪ್ಪು ಮಾರುವ ಹುಡುಗ, ‘ಅಕ್ಕಾ, ಹತ್ತು ಬೆರಳಿಗೂ ಓಟು ಹಾಕಿ ಬಂದಿದ್ದೀರಾ?’ ಎಂದ. ಅವನ ತಮಾಷೆ ಸರಿಯಾಗಿಯೇ ಇತ್ತು. 1962ರ ಚುನಾವಣೆಯಿಂದ ಮೈಸೂರಿನಲ್ಲಿ ತಯಾರಾಗುತ್ತಿರುವ ಮತದಾನದ ಶಾಯಿಯಲ್ಲಿರುವುದೂ ಇದೇ ಸಿಲ್ವರ್ ನೈಟ್ರೇಟ್. ಚರ್ಮದ ಉಪ್ಪಿನೊಂದಿಗೆ ಸೇರಿ, ಬೆಳಕು ಬಿದ್ದಂತೆ ಕಪ್ಪಾಗುತ್ತದೆ. ಸೋಪು, ಹುಣಸೆಹಣ್ಣು ಯಾವುದಕ್ಕೂ ಜಗ್ಗುವುದಿಲ್ಲ. ಕಣ್ಣಿಗೆ ಸಿಡಿದಿದ್ದರೆ ತಮಾಷೆಗೆ ಜಾಗವಿರುತ್ತಿರಲಿಲ್ಲ.

ಸುಡುವ ದಿನ ಇನ್ನೊಂದು ದಡ್ಡತನ. ಮಳೆಯ ಎರಚಲು ಬರುತ್ತದೆ ಎಂದು ಶೆಡ್ಡಿನ ಶಟರ್ ಎಳೆದು ವಿದ್ಯುತ್ ಗೂಡು ಹಚ್ಚಿದೆ. ಸುಮಾರು 440 ಡಿಗ್ರಿ ಸೆಲ್ಸಿಯಸ್‌ನಲ್ಲಿ ಈ ಪುಡಿ ಒಡೆದು ನೈಟ್ರೋಜನ್ ಡೈಆಕ್ಸೈಡ್ ಬಿಡುತ್ತದೆ. ಕೆಂಗಂದು ಬಣ್ಣದ, ಮೂಗು ಕೊರೆಯುವ ವಿಷಾನಿಲ. ಗಂಟಲು ಉರಿದು ಹೊರಗೆ ಓಡಿದೆ. ರಾತ್ರಿಯಿಡೀ ಕೆಮ್ಮು. ಇದರ ಕೇಡು ಎಷ್ಟೋ ಗಂಟೆ ಬಿಟ್ಟು ಶ್ವಾಸಕೋಶಕ್ಕೆ ಬರಬಹುದು ಎಂದು ವೈದ್ಯರು ಬೈದ ಮೇಲೆ ತಿಳಿಯಿತು.

ಇಷ್ಟೆಲ್ಲ ಆಗಿ ಗೂಡಿನಿಂದ ಬಂದದ್ದೇನು? ತುಕ್ಕುನೀರು ಸುರಿದಂತಹ ಹಳದಿ ಕಲೆ, ನಡುವೆ ಬೂದು ಚುಕ್ಕೆ. ಬೆಳ್ಳಿ 962 ಡಿಗ್ರಿಗೇ ಕರಗುತ್ತದೆ. ನಾನು ಸುಟ್ಟದ್ದು 1220ಕ್ಕೆ. ಗಾಜಿನೊಳಗೆ ಸೇರಿದ ಬೆಳ್ಳಿ ಕೊಡುವುದು ಹಳದಿಯನ್ನೇ. ಒಂಬತ್ತನೆಯ ಶತಮಾನದ ಇರಾಕಿನ ಕುಂಬಾರರಿಗೆ ಇದು ಚೆನ್ನಾಗಿ ಗೊತ್ತಿತ್ತು. ಅವರು ಸುಟ್ಟು ಮುಗಿದ ಗ್ಲೇಜಿನ ಮೇಲೆ ಬೆಳ್ಳಿ, ತಾಮ್ರದ ಸಂಯುಕ್ತಗಳನ್ನು ಬಳಿದು, ಕಡಿಮೆ ಶಾಖದಲ್ಲಿ ಹೊಗೆಯೂಡಿ ಮತ್ತೆ ಸುಡುತ್ತಿದ್ದರು. ಬಯಸಿದ್ದೂ ಬಂಗಾರದ ಮಿಂಚನ್ನು. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ‘ಬೆಳ್ಳಿ ಮಿಂಚಿನ’ ಪಿಂಗಾಣಿಯಲ್ಲಿ ಇದ್ದದ್ದೋ ಪ್ಲಾಟಿನಂ! ಬೆಳ್ಳಿಯಾದರೆ ಗಾಳಿಯ ಗಂಧಕಕ್ಕೆ ಕಪ್ಪಾಗುತ್ತದಲ್ಲ.

ನಿಜವಾಗಿ ಎಚ್ಚರಿಸಬೇಕಾದದ್ದು ಇನ್ನು ಮುಂದಿನದು. ಉಳಿದ ಪುಡಿಗೆ ಅಮೋನಿಯಾ ಸೇರಿಸಿದರೆ ಕನ್ನಡಿಯಂತಹ ಲೇಪ ಬರುತ್ತದೆ ಎಂದು ಪರಿಚಿತರೊಬ್ಬರು ಹೇಳಿದರು. ಬೆಳಿಗ್ಗೆ ಬೆರೆಸಿ, ಎರಡು ದಿನ ಬಿಟ್ಟು ಹಚ್ಚೋಣ ಎಂದು ಬಾಟಲಿಯನ್ನು ಕಿಟಕಿಯಲ್ಲಿ ಇಟ್ಟೆ. ಸಂಜೆ ಕಾಫಿಗೆ ಬಂದ ನೆರೆಮನೆಯ ರಸಾಯನಶಾಸ್ತ್ರದ ಮೇಷ್ಟರು ಅದೇನೆಂದು ಕೇಳಿದರು. ಹೇಳಿದೆ. ಲೋಟ ಕೆಳಗಿಟ್ಟರು.

‘ಯಾವಾಗ ಬೆರೆಸಿದ್ದಮ್ಮಾ?’

‘ಇವತ್ತು ಬೆಳಿಗ್ಗೆ, ಸಾರ್.’

‘ಅಲುಗಿಸಬೇಡ. ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗು.’

ಆ ದ್ರಾವಣ ಇಟ್ಟಷ್ಟೂ ಅದರಲ್ಲಿ ಕಪ್ಪು ಸ್ಫೋಟಕ ಕಟ್ಟಿಕೊಳ್ಳುತ್ತದೆಯಂತೆ, ಮುಟ್ಟಿದರೂ ಸಿಡಿಯಬಹುದಂತೆ. ಕಪ್ಪು ಕಟ್ಟಿಲ್ಲವೆಂದು ನೋಡಿಕೊಂಡು, ಕಾಲೇಜಿನಿಂದ ತಂದ, ನೀರು ಬೆರೆಸಿ ತೆಳುವಾಗಿಸಿದ ಆಮ್ಲವನ್ನು ಅವರೇ ಹನಿಹನಿಯಾಗಿ ಬಿಟ್ಟರು. ಹಾಲು ಒಡೆದಂತೆ ಬಿಳಿ ಗರಣೆಗಳು ತಳ ಸೇರಿದವು. ಬಹಳ ದಿನವಾಗಿ ಕಪ್ಪು ಕಟ್ಟಿದ ಬಾಟಲಿ ನಿಮ್ಮಲ್ಲಿದ್ದರೆ ನೀವಾಗಿ ಏನನ್ನೂ ಹಾಕಲು ಹೋಗಬೇಡಿ. ದೂರ ಸರಿದು ಅಗ್ನಿಶಾಮಕದವರನ್ನು ಕರೆಯಿರಿ.

ಹೋಮ್‌ಸ್ಟೇಯವರು ಕೊನೆಗೆ ಕಪ್ಪು ಗ್ಲೇಜಿನ ಲೋಟಗಳನ್ನೇ ಒಪ್ಪಿಕೊಂಡರು. ಹಳದಿ ಕಲೆಯವು ಹಿತ್ತಲಿನಲ್ಲಿವೆ, ಯಾರೂ ಅದರಲ್ಲಿ ಕುಡಿಯದಿರಲೆಂದು ತಳಕ್ಕೆ ತೂತು ಕೊರೆದಿದ್ದೇನೆ.