ಇಂಟ್, ಯುಇಂಟ್32, ಸ್ವಂತ ಟೈಪ್: ಫೈಲ್ ಸಿಸ್ಟಂ ಕೋಡ್‌ಗೆ ಯಾವುದು ವಾಸಿ?

ಫ್ಯೂಸ್ (ಸಾಮಾನ್ಯ ಪ್ರೋಗ್ರಾಂ ಆಗಿಯೇ ಫೈಲ್ ಸಿಸ್ಟಂ ಬರೆಯಲು ಬಿಡುವ ಸೌಲಭ್ಯ) ಮೇಲೆ ಓಡುವ ಚಿಕ್ಕ ಫೈಲ್ ಸಿಸ್ಟಂ ಒಂದನ್ನು ಸಿ ಭಾಷೆಯಲ್ಲಿ ಬರೆದು, ಮೂರು ಬಗೆಯ ಟೈಪ್‌ಗಳಲ್ಲಿ ಓಡಿಸಿ ನೋಡಿದೆ. ಬ್ಲಾಕ್, ಅಂದರೆ ಡಿಸ್ಕ್‌ನ ಒಂದು ತುಂಡಿನ ಸೈಜ್ 4096 ಬೈಟ್. ಬ್ಲಾಕ್ ನಂಬರ್ ಅನ್ನು ಇದರಿಂದ ಗುಣಿಸಿದರೆ ಸಿಗುವುದೇ ಆಫ್‌ಸೆಟ್, ಅಂದರೆ ಮೊದಲಿಂದ ಎಷ್ಟನೇ ಬೈಟ್ ಅನ್ನುವುದು. ತುಂಬಿಸಿದ್ದು ಶರಣಬಸವೇಶ್ವರ ಜಾತ್ರೆಯ ದೊಡ್ಡ ದೊಡ್ಡ ವಿಡಿಯೊಗಳನ್ನು. ಮಷೀನ್ ಎರಡು: ನನ್ನ 64 ಬಿಟ್ ಲ್ಯಾಪ್‌ಟಾಪ್, ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಸಿಕ್ಕ ಹಳೇ 32 ಬಿಟ್ ಡೆಸ್ಕ್‌ಟಾಪ್. ಎರಡರಲ್ಲೂ ಲಿನಕ್ಸ್.

ಮೊದಲು ಇಂಟ್ ಮತ್ತು ಲಾಂಗ್. ಬರೆಯೋಕೆ ಇಷ್ಟು ಸಲೀಸು ಬೇರೆ ಇಲ್ಲ. ಆದರೆ ಇಂಟ್ 2147483647ಕ್ಕೆ ಮುಗಿಯಿತು. 524288ನೇ ಬ್ಲಾಕ್‌ಗೆ ಆಫ್‌ಸೆಟ್ ಮೈನಸ್ ಆಗಿ, ಎರರ್ ಬಂದು ನಿಂತಿತು. ಲಾಂಗ್ ಲ್ಯಾಪ್‌ಟಾಪ್‌ನಲ್ಲಿ 8 ಬೈಟ್, ಡೆಸ್ಕ್‌ಟಾಪ್‌ನಲ್ಲಿ 4. ಲ್ಯಾಪ್‌ಟಾಪ್‌ನಲ್ಲಿ ಮಾಡಿದ ಇಮೇಜ್ (ಇಡೀ ಫೈಲ್ ಸಿಸ್ಟಂ ಇರುವ ಫೈಲ್) ಡೆಸ್ಕ್‌ಟಾಪ್‌ನಲ್ಲಿ ತೆರೆಯಲೇ ಇಲ್ಲ.

ಯುಇಂಟ್32, ಯುಇಂಟ್64 (ಯಾವ ಮಷೀನ್‌ನಲ್ಲೂ ಅಷ್ಟೇ ಬಿಟ್ ಇರುವ, ಮೈನಸ್ ಇಲ್ಲದ ಟೈಪ್‌ಗಳು) ಹಾಕಿದ ಮೇಲೆ ಆ ತಂಟೆ ಹೋಯಿತು. ಡಿಸ್ಕ್ ಮೇಲೆ ಬರೆಯುವುದಕ್ಕೆ ಇವೇ ಸರಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ನನಗೆ ಜಾಸ್ತಿ ಭಯ ಹುಟ್ಟಿಸಿದ್ದೂ ಇವೇ. ಬ್ಲಾಕ್ ನಂಬರ್ 32 ಬಿಟ್, ಆಫ್‌ಸೆಟ್ 64 ಬಿಟ್ ಅಂದುಕೊಳ್ಳಿ. ಉತ್ತರ ಇಡುವ ಜಾಗ ದೊಡ್ಡದಿದ್ದರೂ ಗುಣಾಕಾರ ನಡೆಯುವುದು 32 ಬಿಟ್‌ನಲ್ಲೇ. 1048576ನೇ ಬ್ಲಾಕ್ ಬಂದಾಗ ಆಫ್‌ಸೆಟ್ 4 ಜಿಬಿ ಆಗಬೇಕು, ಆದದ್ದು ಸೊನ್ನೆ. ಎರರ್ ಇಲ್ಲ, ಸದ್ದಿಲ್ಲ. ವಿಡಿಯೊ ಹೋಗಿ ಸೂಪರ್‌ಬ್ಲಾಕ್ (ಫೈಲ್ ಸಿಸ್ಟಂನ ಮುಖ್ಯ ವಿವರ ಇರುವ ಮೊದಲ ಬ್ಲಾಕ್) ಮೇಲೆ ಕೂತಿತು! ಇಂಟ್ ಕನಿಷ್ಠ ಕೂಗಿಕೊಂಡಿತ್ತು, ಅಲ್ವಾ? ಜಿಸಿಸಿ ಕಂಪೈಲರ್‌ಗೆ ವಾರ್ನಿಂಗ್ ಎಲ್ಲಾ ಹಾಕಿದ್ದರೂ ಸುಮ್ನಿತ್ತು. ಕೋಡ್‌ನ ತಪ್ಪು ಹುಡುಕುವ ಟೂಲ್ ಕ್ಲ್ಯಾಂಗ್-ಟೈಡಿಯಲ್ಲಿ ಇದಕ್ಕೇ ಒಂದು ಚೆಕ್ ಇದೆ, ಅದು ಹಿಡಿಯಿತು.

ಮೂರನೆಯದು ಸ್ವಂತ ಹೆಸರು. ಲಿನಕ್ಸ್‌ನ ಎಕ್ಸ್‌ಎಫ್‌ಎಸ್ ಅನ್ನುವ ಫೈಲ್ ಸಿಸ್ಟಂ ಕೋಡ್‌ನಲ್ಲಿ ಒಂದೊಂದು ಬಗೆಯ ಬ್ಲಾಕ್ ನಂಬರ್‌ಗೂ ಬೇರೆ ಬೇರೆ ಟೈಪ್ ಹೆಸರಿದೆ. ಓದುವವರಿಗೆ ಒಳ್ಳೇದು. ಆದರೆ ಬರೀ ಟೈಪ್‌ಡೆಫ್ (ಇರುವ ಟೈಪ್‌ಗೇ ಇನ್ನೊಂದು ಹೆಸರು) ಆದರೆ ಕಂಪೈಲರ್‌ಗೆ ಎಲ್ಲಾ ಒಂದೇ. ತೊಗರಿ ಕ್ವಿಂಟಲ್ ಲೆಕ್ಕವನ್ನು ಕೆಜಿ ಲೆಕ್ಕಕ್ಕೆ ಕೂಡಿಸಿದರೂ ಅದು ಕೇಳುವುದಿಲ್ಲ. ಅದಕ್ಕೇ ಬ್ಲಾಕ್ ನಂಬರ್ ಅನ್ನು ಒಂದೇ ಮೆಂಬರ್ ಇರುವ ಸ್ಟ್ರಕ್ಟ್ (ಕಂಪೈಲರ್‌ಗೆ ಬೇರೆಯೇ ಟೈಪ್ ಆಗಿ ಕಾಣುವ ಡಬ್ಬಿ) ಒಳಗೆ ಹಾಕಿದೆ. ಈಗ ನೇರವಾಗಿ ಗುಣಿಸಿದರೆ ಕಂಪೈಲೇ ಆಗಲ್ಲ. ಆಫ್‌ಸೆಟ್ ಬೇಕಾದರೆ ಒಂದೇ ಫಂಕ್ಷನ್, ಮೊದಲು 64 ಬಿಟ್‌ಗೆ ಬದಲಿಸಿ (ಕಾಸ್ಟ್) ಆಮೇಲೆ ಗುಣಿಸುತ್ತದೆ. ಒಂದು ಕೂಡಿಸಲೂ ಫಂಕ್ಷನ್ ಬೇಕು, ಅದು ಕಿರಿಕಿರಿ. ಆದರೂ ನಾನು ಇಟ್ಟುಕೊಂಡದ್ದು ಇದನ್ನೇ; ಡಿಸ್ಕ್ ಮೇಲೆ ಮಾತ್ರ ಯುಇಂಟ್.

32 ಬಿಟ್ ಮಷೀನ್‌ನಲ್ಲಿ ಸಿಸ್ಟಂನ ಆಫ್‌ಸೆಟ್ ಟೈಪೇ 4 ಬೈಟ್ ಇರಬಹುದು. ಆಗ ಮೇಲಿನ ಯಾವ ದಾರಿಯೂ ಸಾಲದು, ಕಂಪೈಲ್ ಮಾಡುವಾಗ ಫೈಲ್ ಆಫ್‌ಸೆಟ್ ಬಿಟ್ಸ್ (_FILE_OFFSET_BITS) ಮ್ಯಾಕ್ರೊಗೆ 64 ಕೊಡಬೇಕು. ಫ್ಯೂಸ್ ಹೆಡರ್ ಇದಿಲ್ಲದೆ ಕಂಪೈಲ್ ಆಗಲು ಬಿಡುವುದಿಲ್ಲ. ಇಮೇಜ್ ತಯಾರಿಸುವ ಟೂಲ್‌ನಲ್ಲಿ ಆ ಹೆಡರ್ ಇರುವುದಿಲ್ಲ, ಅಲ್ಲಿ ನೀವೇ ಹಾಕಿ.