ಅವ್ವನ ಫೋನಿಗೆ ಯಾವ ಭೂತಗನ್ನಡಿ?

ಗ್ಯಾಸ್ ಸಿಲಿಂಡರ್ ತಂದ ಹುಡುಗ ಬಾಗಿಲಲ್ಲಿ ನಿಂತು ಫೋನಿಗೆ ಬಂದ ನಂಬರ್ ಕೇಳುತ್ತಾನೆ. ಅವ್ವ ಕೀಪ್ಯಾಡ್ ಫೋನನ್ನು ಬೆಳಕಿಗೆ ಹಿಡಿದು, ಒಮ್ಮೆ ಹತ್ತಿರ ತಂದು, ಒಮ್ಮೆ ದೂರ ಒಯ್ದು, 3 ಅನ್ನು 8 ಎಂದು ಓದುತ್ತಾಳೆ. ಹೀಗೆ ಎರಡು ಸಲ ಆಯಿತು. ಮೂರನೇ ಸಲ ಅವಳು ಪಕ್ಕದ ಮನೆ ಹುಡುಗಿಯನ್ನು ಕೂಗಿದಳು. ಆ ಹುಡುಗಿ ಕಾಲೇಜಿಗೆ ಹೋಗಿದ್ದಳು. ಸಿಲಿಂಡರ್ ವಾಪಸ್ ಹೋಯಿತು.

ಅವ್ವ ಇರುವುದು ಮಂಡ್ಯದಲ್ಲಿ, ಗುತ್ತಲು ರಸ್ತೆ ಕಡೆ. ನಾನು ಮೈಸೂರಿನಲ್ಲಿ. ನಡುವೆ ಹೆಚ್ಚು ಕಡಿಮೆ 45 ಕಿಲೋಮೀಟರ್. ಒಂದು ನಂಬರ್ ಓದಿಕೊಡಲು ರೈಲು ಹತ್ತಿ ಹೋಗಲು ಆಗುವುದಿಲ್ಲ, ಅಲ್ವಾ? ಹಾಗಾಗಿ ಫೋನಿನ ಪರದೆಗೆ ಹಾಕುವ ಭೂತಗನ್ನಡಿಗಳು ಏನೇನು ಸಿಗುತ್ತವೆ ಎಂದು ಹುಡುಕಲು ಶುರು ಮಾಡಿದೆ. ಕೊನೆಗೆ ನಾಲ್ಕು ತಂದೆ. ಎರಡು ದೇವರಾಜ ಅರಸು ರಸ್ತೆಯ ಅಂಗಡಿಗಳಿಂದ, ಎರಡು ಆನ್‌ಲೈನ್‌ನಲ್ಲಿ. ಪರೀಕ್ಷೆ ಮಾಡುವವಳು ಅವ್ವ. ಅವಳಿಗೆ 76. ಎರಡೂ ಕಣ್ಣಿಗೆ ಪೊರೆ ಆಪರೇಷನ್ ಆಗಿದೆ. ದೂರದ್ದು ಚೆನ್ನಾಗಿ ಕಾಣುತ್ತದೆ, ಬೀದಿ ತುದಿಯಲ್ಲಿ ಯಾರು ಬಂದರೂ ಗುರುತು ಹಿಡಿಯುತ್ತಾಳೆ. ಹತ್ತಿರದ್ದಕ್ಕೆ ಮಾತ್ರ ಚಾಳೀಸು ಬೇಕು. ಆ ಚಾಳೀಸು ಬೇಕಾದಾಗ ಒಮ್ಮೆಯೂ ಕೈಗೆ ಸಿಗುವುದಿಲ್ಲ.

ಓದಬೇಕಾದ ಪರದೆಗಳು ಎರಡು. ಒಂದು ಕೀಪ್ಯಾಡ್ ಫೋನ್. ಅದರ ಪರದೆ 1.77 ಇಂಚು, ಅಂದರೆ ಹೆಚ್ಚು ಕಡಿಮೆ ಒಂದು ಬೆಂಕಿಪೊಟ್ಟಣ. ಇನ್ನೊಂದು ನಾನು ಬಳಸಿ ಬಿಟ್ಟ ದೊಡ್ಡ ಫೋನ್. ಅದನ್ನು ಅವ್ವ ಸಕ್ಕರೆ ಡಬ್ಬಕ್ಕೆ ಒರಗಿಸಿ ಯೂಟ್ಯೂಬ್‌ನಲ್ಲಿ ಹರಿಕಥೆ ನೋಡುತ್ತಾಳೆ.

ಮೊದಲು ತಂದದ್ದು ಎಲ್ಲರ ಕಣ್ಣಿಗೂ ಬೀಳುವ ಮಡಚುವ ಸ್ಟ್ಯಾಂಡ್. 280 ರೂಪಾಯಿ. ಹಿಂದೆ ಫೋನ್ ಇಡಬೇಕು, ಮುಂದೆ ದೊಡ್ಡ ಪ್ಲಾಸ್ಟಿಕ್ ಹಾಳೆ ನಿಲ್ಲುತ್ತದೆ. ಡಬ್ಬಿಯ ಮೇಲೆ ಥಿಯೇಟರಿನ ಚಿತ್ರ, ಪಕ್ಕದಲ್ಲಿ ದಪ್ಪಗೆ '12 ಇಂಚು'. ನಾನು ಟೇಪು ಹಿಡಿದು ಅಳೆದೆ. ಆ 12 ಇಂಚು ಹಾಳೆಯ ಮೂಲೆಯಿಂದ ಮೂಲೆಗೆ ಇರುವ ಅಳತೆ. ಕಾಣುವ ಚಿತ್ರದ ಅಳತೆ ಅಲ್ಲ. ಕೊಳ್ಳುವ ಮೊದಲು ಇದು ಹೊಳೆಯಲಿಲ್ಲ.

ಅವ್ವ ಒಂದು ಕ್ಷಣ ನೋಡಿ, "ಇದೇನ್ ಮಗ, ಫೋನಿಗೆ ಕಿಟಕಿ ಇಟ್ಟಂಗದೆ" ಎಂದಳು. ಆದರೆ ಕನ್ನಡಕ ಇಲ್ಲದೆಯೇ ಹರಿಕಥೆ ದಾಸರ ಮುಖ ಕಂಡಿತು. ಇದು ನನಗೆ ಸೋಜಿಗ ಅನಿಸಿತು. ಕೂತು ಯೋಚಿಸಿದಾಗ ಗುಟ್ಟು ತಿಳಿಯಿತು. ಪರದೆಯಿಂದ ಸ್ವಲ್ಪ ದೂರದಲ್ಲಿ ಹಿಡಿದ ಭೂತಗನ್ನಡಿ ಚಿತ್ರವನ್ನು ದೊಡ್ಡದು ಮಾಡುವುದಷ್ಟೇ ಅಲ್ಲ, ಹಿಂದಕ್ಕೂ ತಳ್ಳುತ್ತದೆ. ಫೋನ್ ಇರುವ ಜಾಗಕ್ಕಿಂತ ಇನ್ನೂ ಆಚೆ ಚಿತ್ರ ಇದ್ದಂತೆ ಕಣ್ಣಿಗೆ ಕಾಣುತ್ತದೆ. ಅವ್ವನ ಕಣ್ಣಿಗೆ ದೂರದ್ದೇ ಸಲೀಸು. ಅದಕ್ಕೇ ಕನ್ನಡಕ ಬೇಡವಾಯಿತು.

ಖುಷಿ ಅಷ್ಟಕ್ಕೇ ನಿಂತಿತು. ಸಂಜೆ ಪಕ್ಕದ ಮನೆಯ ಅಕ್ಕ ಬಂದು ಅವ್ವನ ಜೊತೆ ಕೂತರು. ನೇರ ಎದುರಿಗೆ ಕೂತವರಿಗೆ ಮಾತ್ರ ಚಿತ್ರ ಸರಿಯಾಗಿ ಕಾಣುವುದು. ಪಕ್ಕದಲ್ಲಿ ಕೂತ ಅಕ್ಕನಿಗೆ ದಾಸರು ರಬ್ಬರಿನ ಹಾಗೆ ಎಳೆದುಕೊಂಡರು. ಅಂಚಿನಲ್ಲಿ ಕಾಮನಬಿಲ್ಲು ಬೇರೆ. ಟ್ಯೂಬ್‌ಲೈಟ್ ಹಾಕಿದರೆ ಹಾಳೆಯ ಮೇಲೆ ಬಿಳಿ ಗೆರೆ. ಆರಿಸಿದರೆ ಸೊಳ್ಳೆ ಕಾಟ. ಹಾಡು ಬದಲಾಯಿಸಬೇಕಾದರೆ ಹಾಳೆಯ ಹಿಂದೆ ಕೈ ತೂರಿಸಬೇಕು. ಹಾಳೆಯ ಮೂಲಕ ನೋಡುವಾಗ ಬೆರಳು ಒಂದು ಕಡೆ, ಗುಂಡಿ ಇನ್ನೊಂದು ಕಡೆ. ಅವ್ವ ಎರಡು ಸಲ ಜಾಹೀರಾತು ಒತ್ತಿ ಎಲ್ಲಿಗೋ ಹೋದಳು.

ಇದರಲ್ಲಿರುವ ಹಾಳೆ ಫ್ರೆನೆಲ್ ಲೆನ್ಸ್. ದಪ್ಪ ಗಾಜನ್ನು ಉಂಗುರ ಉಂಗುರವಾಗಿ ಕತ್ತರಿಸಿ, ಒಳಗಿನ ದಪ್ಪ ತೆಗೆದು, ಬಾಗಿದ ಮೇಲ್ಮೈಯನ್ನು ಮಾತ್ರ ಉಳಿಸಿದಂತೆ. 1820ರ ದಶಕದಲ್ಲಿ ಫ್ರಾನ್ಸಿನ ಆಗಸ್ಟಿನ್ ಫ್ರೆನೆಲ್ ಇದನ್ನು ದೀಪಸ್ತಂಭಗಳಿಗಾಗಿ ಮಾಡಿದ. ಹಡಗಿಗೆ ದಾರಿ ತೋರಿಸುವ ದೀಪದ ಬೆಳಕನ್ನು ಒಂದೇ ಕಡೆಗೆ ಕಳಿಸಲು ಅದು ಸರಿ. ಅಕ್ಷರ ಓದುವಾಗ ಮಾತ್ರ ಆ ಉಂಗುರದ ಗೆರೆಗಳು ಮಧ್ಯೆ ಬರುತ್ತವೆ.

ಎರಡನೆಯದೂ ಇದೇ ಜಾತಿ. ಎಟಿಎಂ ಕಾರ್ಡ್ ಗಾತ್ರದ ತೆಳು ಹಾಳೆ, 60 ರೂಪಾಯಿ, ಹಿಂದೆ ಅಂಟು. ಪರದೆಯ ಮೇಲೆ ಅಂಟಿಸಿ ಎಂದು ಬರೆದಿತ್ತು. ಅಂಟಿಸಿದೆ. ಏನೂ ಆಗಲಿಲ್ಲ. ನಿಜವಾಗಿಯೂ ಏನೂ ಆಗಲಿಲ್ಲ! ಅಕ್ಷರ ಇದ್ದಷ್ಟೇ ಇತ್ತು, ಸ್ವಲ್ಪ ಮಬ್ಬಾಯಿತು ಅಷ್ಟೆ. ಆಗುವುದೂ ಇಲ್ಲ. ತೆಳು ಲೆನ್ಸ್ ಕೆಲಸ ಮಾಡಬೇಕಾದರೆ ಪರದೆಗೂ ಅದಕ್ಕೂ ನಡುವೆ ಜಾಗ ಇರಬೇಕು. ಎಷ್ಟು ಜಾಗ ಎಂದು ತಿಳಿಯಲು ಒಂದು ಸುಲಭದ ಉಪಾಯ ಇದೆ. ಕಿಟಕಿಯ ಎದುರಿನ ಗೋಡೆ ಹತ್ತಿರ ಹಾಳೆ ಹಿಡಿದು ಹಿಂದೆ ಮುಂದೆ ಮಾಡಿ. ಹೊರಗಿನ ತೆಂಗಿನ ಮರ ತಲೆಕೆಳಗಾಗಿ ಗೋಡೆಯ ಮೇಲೆ ಸ್ಪಷ್ಟವಾಗಿ ಬೀಳುವ ಜಾಗ ಸಿಗುತ್ತದೆ. ಹಾಳೆಗೂ ಗೋಡೆಗೂ ಇರುವ ಆ ದೂರವೇ ಅದರ ಸಂಗಮ ದೂರ. ನನ್ನ ಹಾಳೆಗೆ 16 ಸೆಂಟಿಮೀಟರ್ ಬಂತು. ಅದರ ಅರ್ಧ, ಅಂದರೆ 8 ಸೆಂಟಿಮೀಟರ್ ಎತ್ತರದಲ್ಲಿ ಹಿಡಿದರೆ ಚಿತ್ರ ಎರಡರಷ್ಟು ಆಗಬೇಕು. ಚಿತ್ರ ಹಿಂದಕ್ಕೂ ಸರಿಯುವುದರಿಂದ ಕಣ್ಣಿಗೆ ಅದಕ್ಕಿಂತ ಸ್ವಲ್ಪ ಕಡಿಮೆ ಅನಿಸುತ್ತದೆ. ಒಂದು ಸೆಂಟಿಮೀಟರ್ ಎತ್ತರದಲ್ಲಿ ವ್ಯತ್ಯಾಸವೇ ತಿಳಿಯುವುದಿಲ್ಲ. ಪರದೆಗೆ ಅಂಟಿಸಿದರೆ ಸೊನ್ನೆ.

ನಾನು ಬಿಡಲಿಲ್ಲ. ಥರ್ಮೋಕೋಲ್ ತುಂಡು ಕತ್ತರಿಸಿ ನಾಲ್ಕು ಮೂಲೆಗೆ ಕಾಲು ಕೊಟ್ಟೆ. ಕೀಪ್ಯಾಡ್ ಫೋನ್ ಒಂದು ಪುಟಾಣಿ ಮಂಚದ ಕೆಳಗೆ ಮಲಗಿದ ಹಾಗಾಯಿತು. ಅವ್ವ ನಕ್ಕಳು. ಆ ಮಂಚವನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳಲು ಆಗುವುದಿಲ್ಲವಲ್ಲ.

ಈ ಹಾಳೆಯ ಇನ್ನೊಂದು ಅವಾಂತರ ಹೇಳಿಬಿಡುತ್ತೇನೆ. ಮೈಸೂರಿನ ಮನೆಯಲ್ಲಿ ಅದನ್ನು ಕಿಟಕಿ ಪಕ್ಕದ ಮೇಜಿನ ಮೇಲೆ ಪುಸ್ತಕಕ್ಕೆ ಒರಗಿಸಿಟ್ಟು ಸ್ನಾನಕ್ಕೆ ಹೋಗಿದ್ದೆ. ಬೆಳಗಿನ ಬಿಸಿಲು ನೇರ ಅದರ ಮೇಲೆ ಬಿದ್ದಿದೆ. ಬಂದು ನೋಡಿದರೆ ಮೇಜಿನ ಪ್ಲಾಸ್ಟಿಕ್ ಹೊದಿಕೆ ಮೇಲೆ ಕಡಲೆ ಗಾತ್ರದ ಕಂದು ಗುರುತು, ಸುಟ್ಟ ವಾಸನೆ. ಚಿಕ್ಕಂದಿನಲ್ಲಿ ಭೂತಗನ್ನಡಿ ಹಿಡಿದು ಪೇಪರ್ ಸುಡುತ್ತಿದ್ದವರಿಗೆ ಇದು ಹೊಸದಲ್ಲ. ಆದರೂ ಅದು ನೆನಪಾಗಿದ್ದು ಸುಟ್ಟ ಮೇಲೆ. ಮಡಚುವ ಸ್ಟ್ಯಾಂಡ್ ತಂದವರೂ ಗಮನಿಸಿ. ಅದರ ಹಾಳೆ ಇದಕ್ಕಿಂತ ತುಂಬಾ ದೊಡ್ಡದು. ಬಳಸದಾಗ ಬಟ್ಟೆ ಮುಚ್ಚಿಡಿ, ಬಿಸಿಲು ಬೀಳುವ ಜಗಲಿ ಕಡೆ ಇಡಲೇಬೇಡಿ.

ಮೂರನೆಯದು ಕ್ಲಿಪ್ ಲೆನ್ಸ್, 220 ರೂಪಾಯಿ. ಫೋನಿನ ಮೇಲ್ತುದಿಗೆ ಬಟ್ಟೆ ಕ್ಲಿಪ್ಪಿನ ಹಾಗೆ ಕಚ್ಚಿಕೊಳ್ಳುತ್ತದೆ, ಬೇಕಾದಾಗ ಲೆನ್ಸ್ ಬಿಚ್ಚಿ ಎತ್ತಬಹುದು. ಕಾಣುವುದೂ ಚೆನ್ನಾಗಿಯೇ ಕಾಣುತ್ತಿತ್ತು. ನಾಲ್ಕನೇ ದಿನ ಕೀಲು ಮುರಿಯಿತು. ವಾಪಸ್ ತೆಗೆದುಕೊಳ್ಳಿ ಎಂದರೆ ಮಾರಿದವರು, 'ಬಳಸಿದ ಮೇಲೆ ಆಗಲ್ಲ ಮೇಡಂ' ಎಂದರು. ಬಳಸದೆ ಮುರಿಯುವುದು ಹೇಗೆ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ.

ಇಂಥದ್ದನ್ನೇ ಹಿಂದೆ ಆಟದ ಯಂತ್ರಗಳಿಗೂ ಹಾಕುತ್ತಿದ್ದರಂತೆ ಎಂದು ನನ್ನ ತಂಗಿಯ ಮಗ ಹೇಳಿದ. ನಿಜವೇ. 1989ರಲ್ಲಿ ಬಂದ ನಿಂಟೆಂಡೊ ಗೇಮ್ ಬಾಯ್‌ನ ಪರದೆಯಲ್ಲಿ ಬೆಳಕೇ ಇರಲಿಲ್ಲ. ಅಗಲಕ್ಕೆ 160 ಚುಕ್ಕಿ, ಎತ್ತರಕ್ಕೆ 144. ಅದರ ಮೇಲೆ ಕೂರಿಸಲು ಭೂತಗನ್ನಡಿ ಮತ್ತು ಪುಟ್ಟ ಬಲ್ಬು ಎರಡೂ ಇದ್ದ 'ಲೈಟ್ ಬಾಯ್' ಎಂಬ ಸಾಧನ ಮಾರಾಟಕ್ಕಿತ್ತು. ಅವ್ವನ ಫೋನ್ ಚುಕ್ಕಿಯ ಲೆಕ್ಕದಲ್ಲಿ ಅದಕ್ಕಿಂತ ಬಡವ. ಇಂಥ ಫೋನುಗಳಲ್ಲಿ ಸಾಮಾನ್ಯವಾಗಿ 120 ಚುಕ್ಕಿ ಅಗಲ, 160 ಎತ್ತರ. ಅಷ್ಟರಲ್ಲಿ ನಮ್ಮ ಕನ್ನಡ ಅಕ್ಷರ ಮೂಡಬೇಕು. ಬ ಮತ್ತು ಭ ನಡುವೆ ಇರುವುದು ಒಂದು ಸೀಳು. ದ ಮತ್ತು ಧ ಕೂಡ ಹಾಗೇ. ಕೆಳಗಿನ ಒತ್ತಕ್ಷರವಂತೂ ಎರಡು ಮೂರು ಚುಕ್ಕಿಯ ಗೊಜ್ಜು. ಯಾವ ಭೂತಗನ್ನಡಿ ಹಿಡಿದರೂ ಆ ಗೊಜ್ಜು ದೊಡ್ಡ ಗೊಜ್ಜಾಗುತ್ತದೆ ಅಷ್ಟೆ. ಇಲ್ಲದ ಚುಕ್ಕಿಯನ್ನು ಲೆನ್ಸ್ ತಂದು ಕೊಡುವುದಿಲ್ಲ. ಅಂಕಿಗಳ ತೊಂದರೆ ಮಾತ್ರ ಬೇರೆ. 3 ಮತ್ತು 8 ಪರದೆಯಲ್ಲಿ ಸರಿಯಾಗಿಯೇ ಬೇರೆ ಬೇರೆ ಇರುತ್ತವೆ, ಕಣ್ಣಿಗೆ ಸಾಲುವುದಿಲ್ಲ. ಅಲ್ಲಿ ಲೆನ್ಸ್ ಉಪಯೋಗಕ್ಕೆ ಬರುತ್ತದೆ.

ನಾಲ್ಕನೆಯದು ಗುಮ್ಮಟ. ಅರ್ಧ ಚೆಂಡಿನ ಆಕಾರದ ಗಟ್ಟಿ ಅಕ್ರಿಲಿಕ್, ಬುಡ ಚಪ್ಪಟೆ, ನಾಲ್ಕು ಸೆಂಟಿಮೀಟರ್ ಅಗಲ. ಸುತ್ತ ಎಲಾಸ್ಟಿಕ್ ಪಟ್ಟಿ. 350 ರೂಪಾಯಿ, ಎಲ್ಲದಕ್ಕಿಂತ ಜಾಸ್ತಿ. ಇದನ್ನು ಪರದೆಯ ಮೇಲೆ ನೇರ ಕೂರಿಸಬೇಕು. ತೆಳು ಹಾಳೆಗೆ ಆಗದ್ದು ಇದಕ್ಕೆ ಯಾಕೆ ಆಗುತ್ತದೆ ಎಂದರೆ, ಇದರ ದಪ್ಪವೇ ಬೇಕಾದ ದೂರವನ್ನು ಕೊಡುತ್ತದೆ. ಇಂಥ ಅರ್ಧಗೋಳ ಒಂದೂವರೆ ಪಟ್ಟು ಮಾತ್ರ ದೊಡ್ಡದು ಮಾಡುತ್ತದೆ. ಡಬ್ಬಿಯ ಮೇಲೆ 'ಐದು ಪಟ್ಟು' ಎಂದು ಇತ್ತು, ಅದು ಬುರುಡೆ. ಆದರೆ ಆ ಒಂದೂವರೆ ಎಲ್ಲೂ ಅಲುಗಾಡುವುದಿಲ್ಲ. ಕೈ ನಡುಗಿದರೂ ಅಕ್ಷರ ಕುಣಿಯುವುದಿಲ್ಲ, ಯಾಕೆಂದರೆ ಲೆನ್ಸೂ ಪರದೆಯೂ ಒಟ್ಟಿಗೆ ನಡುಗುತ್ತವೆ. ಅವ್ವನ ಕೈ ನಡುಗುತ್ತದೆ. ನಾನು ಅಂಗಡಿಯಲ್ಲಿ ನಿಂತು ನೋಡುವಾಗ ಇದು ಲೆಕ್ಕಕ್ಕೇ ಬಂದಿರಲಿಲ್ಲ.

ಕೂರಿಸುವುದಕ್ಕೆ ಸ್ವಲ್ಪ ಸರ್ಕಸ್ ಆಯಿತು. ಕೆಳಗೆ ಸರಿಸಿದರೆ ಹಸಿರು ಗುಂಡಿ ಒತ್ತಲು ಅಡ್ಡ. ಮೇಲೆ ಸರಿಸಿದರೆ ಮಾತು ಕೇಳುವ ತೂತು ಮುಚ್ಚುತ್ತದೆ. ನಡುವೆ ಕೂದಲೆಳೆಯಷ್ಟು ಜಾಗದಲ್ಲಿ ಕೂತಿತು. ಫೋನ್ ಕಿವಿಗೆ ಹಿಡಿದರೆ ಕೆನ್ನೆಗೆ ಚುಚ್ಚುತ್ತದೆ. ಆದರೆ ಅವ್ವ ಕಿವಿಗೆ ಹಿಡಿಯುವವಳೇ ಅಲ್ಲ, ಇಡೀ ಬೀದಿಗೆ ಕೇಳುವ ಹಾಗೆ ಸ್ಪೀಕರ್ ಹಾಕಿ ಮಾತಾಡುವವಳು.

ಗುಮ್ಮಟಕ್ಕೆ ಒಂದು ದೊಡ್ಡ ಕೊರತೆ ಇದೆ. ಇದು ಚಿತ್ರವನ್ನು ಹಿಂದಕ್ಕೆ ತಳ್ಳುವುದಿಲ್ಲ. ದೊಡ್ಡದಾದ ಅಕ್ಷರ ಪರದೆ ಇದ್ದ ಜಾಗದಲ್ಲೇ ಇರುತ್ತದೆ. ಹಾಗಾಗಿ ಹತ್ತಿರದ ಕಣ್ಣು ಮಂಜಾದವರಿಗೆ ಕನ್ನಡಕ ತಪ್ಪುವುದಿಲ್ಲ. ಕೈ ಪೂರ್ತಿ ಚಾಚಿ ಹಿಡಿದರೆ ಫೋನ್ ಮಾಡಿದ್ದು ಯಾರೆಂದು ಅವ್ವನಿಗೆ ಗೊತ್ತಾಗುತ್ತದೆ. ಗ್ಯಾಸ್ ನಂಬರ್ ಓದಲು ಚಾಳೀಸು ಹಾಕಲೇಬೇಕು. ಅದಕ್ಕೆ 30 ರೂಪಾಯಿಯ ದಾರ ತಂದು ಕನ್ನಡಕವನ್ನು ಕೊರಳಿಗೆ ಕಟ್ಟಿದೆ. "ನಾನೇನ್ ಮೇಷ್ಟ್ರಾ?" ಎಂದಳು. ಈಗ ಕಟ್ಟಿಕೊಂಡೇ ಓಡಾಡುತ್ತಾಳೆ. ಇಷ್ಟೆಲ್ಲ ಖರ್ಚಿನಲ್ಲಿ ಆ ದಾರದಷ್ಟು ಕೆಲಸಕ್ಕೆ ಬಂದದ್ದು ಇನ್ನೊಂದಿಲ್ಲ.

ದೊಡ್ಡ ಫೋನಿನ ವಿಷಯಕ್ಕೆ ಲೆನ್ಸೇ ಬೇಡವಾಗಿತ್ತು. ಸೆಟ್ಟಿಂಗ್ಸ್‌ನಲ್ಲಿ ಅಕ್ಷರದ ಗಾತ್ರ ಜಾಸ್ತಿ ಮಾಡಿದೆ. ಆಂಡ್ರಾಯ್ಡ್ ಫೋನುಗಳಲ್ಲಿ ಆಕ್ಸೆಸಿಬಿಲಿಟಿ ಒಳಗೆ ಮ್ಯಾಗ್ನಿಫಿಕೇಶನ್ ಎಂದು ಇದೆ, ಆನ್ ಮಾಡಿ ಪರದೆಯನ್ನು ಮೂರು ಸಲ ತಟ್ಟಿದರೆ ತಟ್ಟಿದ ಜಾಗ ದೊಡ್ಡದಾಗುತ್ತದೆ. ಇಲ್ಲಿ ಚಿತ್ರವನ್ನು ಫೋನೇ ಹೊಸದಾಗಿ ಬರೆಯುವುದರಿಂದ ಅಕ್ಷರದ ಗಾತ್ರ ಹೆಚ್ಚಿಸಿದಾಗ ಒತ್ತಕ್ಷರವೂ ಬಿಡಿಬಿಡಿಯಾಗಿ ಕಾಣುತ್ತದೆ. ಖರ್ಚು ಇಲ್ಲ. ಮೂರು ಸಲ ತಟ್ಟುವುದು ಅವ್ವನಿಗೆ ಒಗ್ಗಲಿಲ್ಲ, ದೊಡ್ಡ ಅಕ್ಷರ ಒಗ್ಗಿತು.

ಹಾಗಾದರೆ ಯಾವುದು ತರಬೇಕು? ಒಬ್ಬರೇ ಕೂತು, ಮುಟ್ಟದೆ, ಸುಮ್ನೆ ವಿಡಿಯೋ ನೋಡುವವರಾದರೆ, ಕನ್ನಡಕ ಹಾಕಲು ಬೇಜಾರಾದರೆ, ಮಡಚುವ ಸ್ಟ್ಯಾಂಡ್ ತನ್ನಿ. ಇಬ್ಬರು ನೋಡುವ ಮನೆಗೆ ಬೇಡ. ಕೀಪ್ಯಾಡ್ ಫೋನಿಗೆ, ಕೈ ನಡುಗುವವರಿಗೆ, ಗುಮ್ಮಟ. ಅಂಟಿಸುವ ಹಾಳೆಯನ್ನು ಯಾರೂ ಅಂಟಿಸಬೇಡಿ. ನನ್ನದು ಈಗ ಪರ್ಸಿನಲ್ಲಿದೆ, ಮಾತ್ರೆ ಪಟ್ಟಿಯ ಮೇಲಿನ ತಾರೀಖು ಓದಲು ಕೈಯಲ್ಲಿ ಹಿಡಿಯುತ್ತೇನೆ. ಇದೆಲ್ಲಕ್ಕೂ ಮೊದಲು ಕಣ್ಣು ತೋರಿಸಿ ಕನ್ನಡಕದ ನಂಬರ್ ಸರಿ ಇದೆಯಾ ನೋಡಿಕೊಳ್ಳಿ. ನಾವು ಅದನ್ನು ಕೊನೆಗೆ ಮಾಡಿದೆವು. ಅವ್ವನ ಚಾಳೀಸು ಆಪರೇಷನ್‌ಗಿಂತ ಹಿಂದಿನದಾಗಿತ್ತು!

ಗುಮ್ಮಟದ ಜೊತೆ ಬಂದ ಎಲಾಸ್ಟಿಕ್ ಎರಡೇ ತಿಂಗಳಿಗೆ ಸಡಿಲವಾಯಿತು. ಹೋದ ಭಾನುವಾರ ಹೋದಾಗ ನೋಡಿದರೆ, ಅವ್ವ ಮೊಮ್ಮಗನ ಹಳೇ ಚಡ್ಡಿಯ ಎಲಾಸ್ಟಿಕ್ ಬಿಚ್ಚಿ ಹೊಲಿದಿದ್ದಾಳೆ. ಬಣ್ಣ ಕೆಂಪು. ಗಟ್ಟಿಯಾಗಿ ಕೂತಿದೆ.